ಆರು ಬಾಟಲಿ ಬಾವಿನೀರಿನ ಪರೀಕ್ಷೆ

ತರಬೇತಿ ಕೊಡುವವರ ಕೆಲಸ ಅಂದರೆ ಒಂದು ಬ್ಯಾನರ್ ಕಟ್ಟುವುದು, ಬಂದವರಿಗೆಲ್ಲ ಒಂದೊಂದು ಫೈಲು, ಪೆನ್ನು ಹಂಚುವುದು, ಮಧ್ಯಾಹ್ನ ಊಟ ಹಾಕಿಸಿ ಫೋಟೋ ತೆಗೆದು ಮೇಲಿನವರಿಗೆ ಕಳಿಸುವುದು ಎಂದು ನನ್ನ ಅಕ್ಕ ಇವತ್ತಿಗೂ ನಂಬಿದ್ದಾಳೆ. ನಾನು ನಿವೃತ್ತಳಾಗಿ ಮನೆಗೆ ಬಂದ ದಿನ ಅವಳು ಕೇಳಿದ ಮೊದಲ ಪ್ರಶ್ನೆ, “ಇನ್ ಮೇಲೆ ನಿಂಗೆ ಪುಕ್ಕಟೆ ಊಟ ಎಲ್ಲಿ ಸಿಕ್ತ್ ವಸಂತಿ?” ನನಗೆ ಕೋಪ ಬಂತು. ಆದರೆ ಅವಳ ಮಾತಿನಲ್ಲಿ ಅರ್ಧ ನಿಜವಿತ್ತು. ಮೊದಮೊದಲ ವರ್ಷಗಳಲ್ಲಿ ನಾನು ಕೊಟ್ಟ ತರಬೇತಿಗಳಲ್ಲಿ ಜನಕ್ಕೆ ದಕ್ಕಿದ್ದು ಊಟ ಒಂದೇ.

ಈಗ ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಆಗಾಗ ಫೋನ್ ಮಾಡಿ, “ಮೇಡಂ, ನಿಮ್ಮ ಮಾಡ್ಯೂಲ್ ಇದ್ದರೆ ಕೊಡಿ” ಎನ್ನುತ್ತಾರೆ. ಕೊಡುತ್ತೇನೆ, ಅದರಲ್ಲಿ ಬಚ್ಚಿಡುವಂಥದ್ದು ಏನೂ ಇಲ್ಲ. ಆದರೆ ಅದನ್ನು ಬರೆಯುವ ಮೊದಲು ನಾನು ಎಷ್ಟು ಕಡೆ ಎಡವಿ ಬಿದ್ದೆ ಎನ್ನುವುದು ಮಾಡ್ಯೂಲಿನಲ್ಲಿ ಇಲ್ಲ. ಅದನ್ನು ಇಲ್ಲಿ ಬರೆದಿಡುತ್ತೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎನ್ನುವುದೆಲ್ಲ ನಿಮಗೆ ಬೇಡ, ಬಿಡಿ.

ನಮ್ಮದು ಕುಂದಾಪುರದಲ್ಲಿ ಕಚೇರಿಯಿದ್ದ ಒಂದು ಸೇವಾ ಸಂಸ್ಥೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ತಾಲ್ಲೂಕಿನಲ್ಲಿ ನಮ್ಮ ಕ್ಷೇತ್ರ ಕಾರ್ಯಕರ್ತರು ಮನೆಮನೆ ತಿರುಗುತ್ತಿದ್ದರು. ಮಹಿಳಾ ಸಂಘ ಕಟ್ಟುವುದು, ಬಾವಿ ನೀರಿನ ವಿಚಾರ ನೋಡುವುದು, ನೆರೆ ಬಂದರೆ ಅಕ್ಕಿ, ಚಾಪೆ ಹಂಚುವುದು, ಹೀಗೆ. ಹವಾಮಾನ ಬದಲಾವಣೆ ಎಂಬ ಮಾತು ಎಲ್ಲ ಕಡೆ ಕೇಳಿಬರತೊಡಗಿದಾಗ, ನಮಗೆ ಅನುದಾನ ಕೊಡುತ್ತಿದ್ದವರು ಕಾರ್ಯಕರ್ತರೆಲ್ಲರಿಗೂ ಅದರ ತರಬೇತಿ ಆಗಬೇಕು ಎಂದರು. ಅದನ್ನು ರೂಪಿಸುವ ಕೆಲಸ ನನ್ನ ತಲೆಗೆ ಬಂತು. ನಾನು ಓದಿದ್ದು ಸಮಾಜಶಾಸ್ತ್ರ. ಮಳೆಗಾಲದಲ್ಲಿ ಮಳೆ ಬರುತ್ತದೆ ಎನ್ನುವುದಕ್ಕಿಂತ ಹೆಚ್ಚಿನ ಹವಾಮಾನ ಜ್ಞಾನ ನನಗಿರಲಿಲ್ಲ.

ಮೊದಲ ತರಬೇತಿ ಬ್ರಹ್ಮಾವರದ ಒಂದು ಸಭಾಭವನದಲ್ಲಿ, ಮೇ ತಿಂಗಳ ಸೆಕೆಯಲ್ಲಿ. ಅನುದಾನ ಕೊಡುವವರು ಕಳಿಸಿದ ಚಿತ್ರಗಳನ್ನೇ ಗೋಡೆಯ ಮೇಲೆ ತೋರಿಸಿದೆ. ಒಂದು ತುಂಡು ಮಂಜುಗಡ್ಡೆಯ ಮೇಲೆ ಒಂದು ಬಿಳಿ ಕರಡಿ ದಿಕ್ಕುಗಾಣದೆ ನಿಂತಿತ್ತು. ಮಂಜು ಕರಗುತ್ತಿದೆ, ಕರಡಿಗೆ ನಿಲ್ಲಲು ಜಾಗವಿಲ್ಲ ಎಂದು ನಾನು ಬಹಳ ದುಃಖದ ದನಿಯಲ್ಲಿ ವಿವರಿಸಿದೆ. ಎದುರು ಕೂತವರು ಫೈಲಿನಲ್ಲಿ ಗಾಳಿ ಹಾಕಿಕೊಳ್ಳುತ್ತ ಆ ಮಂಜುಗಡ್ಡೆಯನ್ನು ಆಸೆಯಿಂದ ನೋಡುತ್ತಿದ್ದರು. ಹಿಂದಿನ ಸಾಲಿನಿಂದ ಒಂದು ದನಿ ಬಂತು:

“ಟೀಚ್ರೇ, ಅದಕ್ಕೆ ಗಂಗೊಳ್ಳಿಗೆ ಬರೂಕೆ ಹೇಳಿ. ಅಲ್ಲಿ ಐಸ್ ಪ್ಲ್ಯಾಂಟ್ ಇತ್ತ್.”

ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಅಷ್ಟರಲ್ಲಿ ಕರೆಂಟೂ ಹೋಯಿತು, ಕರಡಿಯೂ ಹೋಯಿತು. ಆ ದನಿ ಗುಲಾಬಿಯದು. ಹೊಳೆ ನಡುವಿನ ಒಂದು ಕುದ್ರುವಿನಲ್ಲಿ, ಅಂದರೆ ನಾಲ್ಕೂ ಕಡೆ ನೀರಿರುವ ನಡುಗಡ್ಡೆಯಲ್ಲಿ ಅವಳ ಮನೆ. ನಮ್ಮ ಕಾರ್ಯಕರ್ತರಲ್ಲಿ ಎಲ್ಲರಿಗಿಂತ ಹಳಬಳು. ಯಾವ ಮನೆಯಲ್ಲಿ ಬಸುರಿ ಇದ್ದಾಳೆ, ಯಾವ ಮನೆಯಲ್ಲಿ ಏಳಲಾಗದ ಮುದುಕರಿದ್ದಾರೆ ಎನ್ನುವುದು ಅವಳ ನಾಲಗೆತುದಿಯಲ್ಲಿ ಇರುತ್ತಿತ್ತು. ನೆರೆ ಬಂದಾಗ ತಾಲ್ಲೂಕು ಕಚೇರಿಯವರು ಪಟ್ಟಿ ಹುಡುಕುವ ಮೊದಲೇ ಅವಳು ದೋಣಿ ಮಾಡಿಸಿ ಅವರನ್ನೆಲ್ಲ ಈಚೆ ದಡಕ್ಕೆ ತಂದಾಗಿರುತ್ತಿತ್ತು. ಅವಳ ಗಂಡ ಮುಂಬಯಿಯ ಕ್ಯಾಂಟೀನೊಂದರಲ್ಲಿ ನಿಂತು ನಿಂತು ಮೊಣಕಾಲು ಕೆಡಿಸಿಕೊಂಡು ಊರಿಗೆ ಬಂದವನು, ಮನೆಯಲ್ಲೇ ಬಲೆ ರಿಪೇರಿ ಮಾಡುತ್ತಾನೆ. ಮನೆ ನಡೆಯುವುದು ಗುಲಾಬಿಯ ಸಂಬಳದಲ್ಲಿ.

ಎರಡನೆಯ ಸಲ ಕರಡಿಯ ಸಹವಾಸ ಬೇಡವೆಂದು ಬೈಂದೂರಿನ ಕಡೆ ಒಂದು ಅಳಿವೆಗೆ ಎಲ್ಲರನ್ನೂ ಕರೆದುಕೊಂಡು ಹೋದೆ. ಹೊಳೆ ಕಡಲು ಸೇರುವ ಕಡೆ ದಂಡೆ ಎಷ್ಟು ಕೊರೆದಿದೆ ಎಂದು ಅಳೆಯುವುದು ಅವತ್ತಿನ ಅಭ್ಯಾಸ. ವೇಳಾಪಟ್ಟಿ ಅಚ್ಚುಕಟ್ಟಾಗಿ ಟೈಪಾಗಿತ್ತು: ಹತ್ತೂವರೆಗೆ ಕ್ಷೇತ್ರ ವೀಕ್ಷಣೆ. ಹತ್ತೂವರೆಗೆ ಹೋಗಿ ನೋಡಿದರೆ ಉಬ್ಬರ ತುಂಬಿ ನಿಂತಿದೆ, ಅಳೆಯಬೇಕಾದ ದಂಡೆ ಎದೆಮಟ್ಟ ನೀರಿನಲ್ಲಿದೆ. ಟೇಪು ಹಿಡಿದುಕೊಂಡು ಎಲ್ಲರೂ ನನ್ನ ಮುಖ ನೋಡಿದರು. ನನ್ನ ಅಮ್ಮ ತಲೆ ಮೇಲೆ ಬುಟ್ಟಿ ಹೊತ್ತು ಮೀನು ಮಾರಿದವಳು. ಉಬ್ಬರ ಇಳಿತ ನೋಡದೆ ನಮ್ಮ ಮನೆಯಲ್ಲಿ ಒಲೆ ಹೊತ್ತಿದ್ದಿಲ್ಲ. ಅಂಥವಳ ಮಗಳು ಕಂಪ್ಯೂಟರ್ ಮುಂದೆ ಕೂತು ಕಡಲಿಗೆ ಟೈಮ್ ಕೊಟ್ಟು ಬಂದಿದ್ದಳು! ಗಾಳಿಮರದ ಬುಡದಲ್ಲಿ ಕೂತು ಮಧ್ಯಾಹ್ನದ ಊಟವನ್ನು ಹನ್ನೊಂದಕ್ಕೇ ಮುಗಿಸಿ, ನೀರು ಇಳಿಯಲಿ ಎಂದು ಕಾದೆವು.

ಅಲ್ಲಿಂದ ಮುಂದೆ ನಾನು ತಿಥಿ ನೋಡದೆ ತರಬೇತಿ ಇಟ್ಟದ್ದಿಲ್ಲ. ಹುಣ್ಣಿಮೆಯೋ ಅಷ್ಟಮಿಯೋ ಎಂದು ಪಂಚಾಂಗ ತಿರುವುತ್ತಿದ್ದ ನನ್ನನ್ನು ಕಂಡು ನಮ್ಮ ನಿರ್ದೇಶಕ ಹೆಬ್ಬಾರರು, “ಎಂತ ವಸಂತಿಯವ್ರೇ, ತರಬೇತಿಗೂ ಮುಹೂರ್ತ ಇಡ್ತ್ರಾ?” ಎಂದು ಕೇಳಿದರು. ಹೆಬ್ಬಾರರು ಒಳ್ಳೆಯ ಮನುಷ್ಯ, ಆದರೆ ಮಹಾ ಜೋಪಾನಿ. ಯಾವ ಸಾಮಾನು ಬಂದರೂ ಹಾಳಾದೀತೆಂದು ಕಪಾಟಿನಲ್ಲಿಟ್ಟು ಬೀಗ ಹಾಕುವುದು ಅವರ ಪದ್ಧತಿ.

ಬರಬರುತ್ತ ಗೋಡೆಯ ಚಿತ್ರಗಳನ್ನು ಪೂರ್ತಿ ಬಿಟ್ಟೆ. ತರಬೇತಿಗೆ ಬರುವವರು ತಮ್ಮ ಊರಿನಲ್ಲಿ ಬದಲಾದದ್ದನ್ನು ತೋರಿಸುವ ಒಂದು ವಸ್ತು ತರಬೇಕು ಎಂದು ನಿಯಮ ಮಾಡಿದೆ. ಒಬ್ಬಳು ದೀಪಾವಳಿ ಕಳೆದ ಮೇಲೂ ಒಳಗಿಡಲಾಗದ ಕೊಡೆಯನ್ನು ತಂದಳು. ಇನ್ನೊಬ್ಬ ಕೀಳುವ ಮೊದಲೇ ಮಣ್ಣಿನೊಳಗೆ ಮೊಳಕೆ ಬಂದ ನೆಲಗಡಲೆ ತಂದ. ಹೊತ್ತಲ್ಲದ ಹೊತ್ತಿನ ಮಳೆಗೆ ಸಿಕ್ಕಿ ಕೊಳೆತ ಒಣಮೀನನ್ನು ಒಬ್ಬಾಕೆ ಪ್ಲಾಸ್ಟಿಕ್ ಚೀಲದಲ್ಲಿ ತಂದಿದ್ದರಿಂದ ಅವತ್ತಿನ ತರಬೇತಿಯನ್ನು ಅಂಗಳದಲ್ಲಿ ನಡೆಸಬೇಕಾಯಿತು. ಮಾತು ಮಾತ್ರ ನಿಲ್ಲಲೇ ಇಲ್ಲ. ನಾನು ಬಾಯಿ ಮುಚ್ಚಿ ಬರೆದುಕೊಂಡೆ. ಹೊಸಬರಿಗೆ ನಾನು ಹೇಳುವ ಒಂದು ಮಾತಿದ್ದರೆ ಇದೇ: ಮೊದಲ ದಿನ ನೀವು ಮಾತಾಡಬೇಡಿ.

ಎಲ್ಲ ಸರಿಹೋಯಿತು ಎನ್ನುವಾಗ ಅನುದಾನ ಕೊಡುವವರಿಂದ ಒಂದು ಪತ್ರ ಬಂತು. ತರಬೇತಿಯ ಕೊನೆಗೆ ಲಿಖಿತ ಪರೀಕ್ಷೆ ನಡೆಸಬೇಕು, ಮೂರು ಅವಕಾಶದೊಳಗೆ ಪಾಸಾಗದ ಕಾರ್ಯಕರ್ತರನ್ನು ಏಪ್ರಿಲ್‌ನಿಂದ ಮುಂದುವರಿಸುವಂತಿಲ್ಲ. ಪ್ರಶ್ನೆಪತ್ರಿಕೆ ಬರೆದದ್ದು ನಾನೇ. ‘ಕೆಳಗಿನವುಗಳಲ್ಲಿ ಯಾವುದು ಹೊಂದಾಣಿಕೆಯ ಕ್ರಮವಲ್ಲ?’ ಎಂಬಂಥ ಪ್ರಶ್ನೆಗಳು. ನಾಲ್ಕು ಉತ್ತರ, ಒಂದಕ್ಕೆ ಗುರುತು ಹಾಕಬೇಕು. ಬರೆಯುವಾಗ ನನಗೆ ಬಹಳ ಹೆಮ್ಮೆಯಾಗಿತ್ತು.

ಗುಲಾಬಿ ಮೊದಲ ಸಲ ಫೇಲಾದಳು. ಎರಡನೆಯ ಸಲವೂ ಫೇಲಾದಳು. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವಳು, ಬೆರಳಿಟ್ಟು ಒಂದೊಂದೇ ಸಾಲು ಓದುತ್ತಿದ್ದಳು. ಅರ್ಧ ಪ್ರಶ್ನೆ ಮುಗಿಯುವಾಗ ಗಂಟೆ ಬಾರಿಸಿಯಾಗುತ್ತಿತ್ತು.

“ಬಾಯಲ್ಲಿ ಕೇಣಿ ಟೀಚ್ರೇ, ಹೇಳ್ತೆ,” ಎಂದಳು. “ಈ ಗೆರೆ ಹಾಕುದ್ ನನ್ ಹತ್ರ ಆತಿಲ್ಲೆ. ಏಪ್ರಿಲ್‌ಗೆ ಮನೇಲ್ ಕೂಕಣಿ ಅಂದ್ರೆ ನಾ ಎಲ್ಲಿಗ್ ಹೋಪುದ್?”

ಅವಳ ಮುಖ ನೋಡಲು ನನಗೆ ನಾಚಿಕೆಯಾಯಿತು. ಉಳಿದದ್ದು ಒಂದೇ ಅವಕಾಶ.

ಆ ಮಾರ್ಚ್ ತಿಂಗಳಲ್ಲಿ ಗುಲಾಬಿಯ ಕುದ್ರುವಿನಲ್ಲೇ ನಮ್ಮದೊಂದು ತರಬೇತಿ ಇತ್ತು. ಘಟ್ಟದ ಬುಡದ ಅಮಾಸೆಬೈಲಿನ ನಾರಾಯಣ ಎಂಬ ಕಾರ್ಯಕರ್ತ ಬೆಳಗಿನ ಮೊದಲ ಬಸ್ಸಿನಲ್ಲಿ ಊರಿನ ಹಾಲು ತಂದಿದ್ದ. ನಮ್ಮಲ್ಲಿ ಸೇರುವ ಮುಂಚೆ ಅವನು ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುತ್ತಿದ್ದವನು, ಹಾಲಿನ ವಿಚಾರಕ್ಕೆ ಬಂದರೆ ಸುಮ್ಮನಿರುವವನಲ್ಲ. ಚಾ ಕುದಿಯುತ್ತಿದ್ದ ಪಾತ್ರೆಗೆ ಹಾಲು ಸುರಿದದ್ದೇ ತಡ, ಚಾ ಒಡೆದುಹೋಯಿತು. ಕುದ್ರುವಿನ ಹೆಂಗಸರೆಲ್ಲ, “ಹಾಲ್ ಹಳೇದ್ ನಾರಾಣಣ್ಣ!” ಎಂದು ಅವನ ಮೇಲೆ ಬಿದ್ದರು.

ನಾರಾಯಣನ ಮುಖ ಕೆಂಪಾಯಿತು. “ನನ್ ಹಾಲಿಗೆ ಎಂತ ಆಯ್ಲಿಲ್ಲೆ!” ಎಂದವನೇ ಕೊಡಪಾನದ ನೀರನ್ನು ಒಂದು ಗುಟುಕು ಬಾಯಿಗೆ ಹಾಕಿ, ಅಂಗಳಕ್ಕೆ ಓಡಿ ಉಗಿದ. “ಅಯ್ಯಬ್ಬ, ಉಪ್ಪ್! ಇದನ್ನ್ ಕುಡಿತ್ರಾ ನೀವ್?”

“ಗುಡ್ಡಿ ಬದಿಯವ್ರ್ ಬಾಯಿ ಭಾರಿ ನಾಜೂಕ್,” ಎಂದಳು ಗುಲಾಬಿ. “ನಾವ್ ಹುಟ್ಟಿದ್ ಲಾಗಾಯ್ತ್ ಇದೇ ನೀರ್ ಕುಡುದ್. ಚಂದ ಸಿಹಿ ನೀರ್. ಕುಡ್ದ್ ಕಾಣಿ ಟೀಚ್ರೇ.”

ಕುಡಿದೆ. ನನಗೂ ಚೆನ್ನಾಗಿಯೇ ಇತ್ತು. “ಸುಮ್ನೆ ಕೂಕೊ ನಾರಾಯಣ,” ಎಂದು ನಾನೇ ಗದರಿಸಿದೆ. ಎಲ್ಲರೂ ನಕ್ಕರು, ಕಪ್ಪು ಚಾ ಕುಡಿದೆವು.

ಈಚೆ ದಡಕ್ಕೆ ದೋಣಿಯಲ್ಲಿ ಬರುವಾಗ ನನಗೊಂದು ಉಪಾಯ ಹೊಳೆಯಿತು. ಕಡಲ ತೀರದ ಊರುಗಳಲ್ಲಿ ನಾವು ಕಲಿಸುತ್ತಿದ್ದ ಮುಖ್ಯ ವಿಷಯವೇ ಬಾವಿಗೆ ಉಪ್ಪುನೀರು ಏರುವುದನ್ನು ಬೇಗ ಗುರುತಿಸುವುದು. ಅದನ್ನು ಕಾಗದದಲ್ಲಿ ಏಕೆ ಕೇಳಬೇಕು? ನೀರನ್ನೇ ಮುಂದಿಟ್ಟು ಕೇಳಬಾರದೇ? ಗುಲಾಬಿ ವರ್ಷಗಟ್ಟಲೆ ಬಾವಿ ನೀರು ಬಾಯಿಗೆ ಹಾಕಿ ನೋಡಿದವಳು. ಅವಳು ಗೆದ್ದೇ ಗೆಲ್ಲುತ್ತಾಳೆ, ನಾರಾಯಣನ ಜಂಬವೂ ಇಳಿಯುತ್ತದೆ ಎಂದುಕೊಂಡೆ. ಹೆಬ್ಬಾರರು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, “ಸರಿ, ಪ್ರಾಯೋಗಿಕ ಪರೀಕ್ಷೆ ಅಂತ ಬರೆಯುವ. ಆದರೆ ಇದೇ ಅವಳ ಮೂರನೇ ಅವಕಾಶ. ಮತ್ತೆ ನನ್ನ ಹತ್ರ ಬರ್ಬೇಡಿ,” ಎಂದರು.

ಮೂರು ತಾಲ್ಲೂಕು ಸುತ್ತಿ, ಜನ ದಿನಾ ಕುಡಿಯುವ ಆರು ಬಾವಿಗಳಿಂದ ಆರು ಬಾಟಲಿ ನೀರು ತಂದೆ. ಅಮಾಸೆಬೈಲಿನದು ಒಂದು, ಹಟ್ಟಿಯಂಗಡಿಯದು ಒಂದು, ಗುಲ್ವಾಡಿಯ ಹೊಳೆಬದಿಯದು ಒಂದು, ಬೇಕೆಂದೇ ಗುಲಾಬಿಯ ಕುದ್ರುವಿನದು ಒಂದು, ಕಡಲ ಬದಿಯವು ಎರಡು. ರಾತ್ರಿ ಮನೆಯಲ್ಲಿ ನಾನೇ ಎಲ್ಲವನ್ನೂ ಕುಡಿದು ನೋಡಿ, ಸಿಹಿಯಿಂದ ಉಪ್ಪಿನವರೆಗೆ ಸಾಲಾಗಿ ಬರೆದು, ಆ ಚೀಟಿಯನ್ನು ಬ್ಯಾಗಿನಲ್ಲಿಟ್ಟುಕೊಂಡೆ. ಅದೇ ಸರಿಯುತ್ತರ. ಬಾಟಲಿಗಳ ಮೇಲೆ ನಂಬರು ಮಾತ್ರ.

ಮರುದಿನ ಕಚೇರಿಯ ಹಿಂದಿನ ಜಗಲಿಯಲ್ಲಿ ಪರೀಕ್ಷೆ. ಹೆಬ್ಬಾರರು ಕುರ್ಚಿ ಹಾಕಿಕೊಂಡು ಕೂತರು. ಗುಲಾಬಿ ಸೆರಗು ಸಿಕ್ಕಿಸಿ, ಒಂದೊಂದೇ ಬಾಟಲಿಯಿಂದ ಗುಟುಕು ತೆಗೆದುಕೊಂಡು, ಕಣ್ಣು ಮುಚ್ಚಿ, ನುಂಗಿ, ಮತ್ತೆ ಮೊದಲಿನದಕ್ಕೆ ಹೋಗಿ, ಹೀಗೆ ಕಾಲು ಗಂಟೆ ತೆಗೆದುಕೊಂಡಳು. ಕೊನೆಗೆ ನಾಲ್ಕನೆಯ ನಂಬರನ್ನು ಎಲ್ಲಕ್ಕಿಂತ ಸಿಹಿಯೆಂದು ಮೊದಲು ಇಟ್ಟಳು. ಅದು ಅವಳದೇ ಕುದ್ರುವಿನ ನೀರು. ನನ್ನ ಚೀಟಿಯಲ್ಲಿ ಅಮಾಸೆಬೈಲು ಮೊದಲು, ಕುದ್ರು ಎರಡನೆಯದು. ಉಳಿದದ್ದೆಲ್ಲ ತಾಳೆಯಾಯಿತು. ಒಂದೇ ತಪ್ಪು! ಹೆಬ್ಬಾರರು “ಪಾಸ್ ಮಾಡ್ಲಕ್ಕ್” ಎಂದು ಪೆನ್ನು ತೆಗೆದೇಬಿಟ್ಟರು.

ಪಕ್ಕದಲ್ಲಿ ನಿಂತಿದ್ದ ನಾರಾಯಣ, ಯಾರೂ ಕೇಳದೆಯೇ, ನಾಲ್ಕನೆಯ ಬಾಟಲಿ ಎತ್ತಿ ಒಂದು ಗುಟುಕು ಕುಡಿದು ಮುಖ ಕಿವುಚಿದ. “ಎಂತ ಮಾರಾಯ್ರೆ ಇದ್? ಇದನ್ನ್ ಕಡೇಗ್ ಇಡ್ಕ್!”

ಶುರುವಾಯಿತು ಜಗಳ. ಗುಲಾಬಿ, “ಹ್ವಾಯ್, ಪರೀಕ್ಷೆ ನಂದಾ ನಿಮ್ದಾ?” ಎಂದಳು. ನಾನು ಅವಳ ಪರ. ನಾರಾಯಣ ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಆಗ ಹೆಬ್ಬಾರರಿಗೆ ಏನೋ ನೆನಪಾಗಿ ಒಳಗೆ ಹೋದರು. ನೀರಿನ ಉಪ್ಪು ಅಳೆಯುವ, ಪೆನ್ನಿನಷ್ಟೇ ಉದ್ದದ ಒಂದು ಉಪಕರಣವನ್ನು ಅನುದಾನ ಕೊಡುವವರು ಯಾವತ್ತೋ ಕಳಿಸಿದ್ದರಂತೆ. ಹಾಳಾದೀತೆಂದು ಅವರು ಅದನ್ನು ಡಬ್ಬಿ ಕೂಡ ಒಡೆಯದೆ ಕಪಾಟಿನಲ್ಲಿಟ್ಟಿದ್ದರು! ನನಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಆರು ಲೋಟಗಳಲ್ಲಿ ನೀರು ಸುರಿದು ಒಂದೊಂದಕ್ಕೇ ಅದನ್ನು ಅದ್ದಿದೆವು. ನಾಲ್ಕನೆಯ ಬಾಟಲಿ ಉಪ್ಪಿನಲ್ಲಿ ಕೊನೆಯಿಂದ ಎರಡನೆಯದು. ನಂಬಿಕೆಯಾಗದೆ ತೊಳೆದು ತೊಳೆದು ಮೂರು ಸಲ ಅದ್ದಿದೆವು. ಅದೇ ಅಂಕಿ.

ಗುಲಾಬಿಯ ಉತ್ತರ ತಪ್ಪು, ಅದಕ್ಕಿಂತ ಮುಖ್ಯವಾಗಿ ನನ್ನ ಸರಿಯುತ್ತರವೇ ತಪ್ಪು. ಮೂವತ್ತು ವರ್ಷದಿಂದ ನಾನೂ ಕುಂದಾಪುರದ ಕೋಡಿಯಲ್ಲಿ, ಕಡಲಿನ ಹತ್ತಿರ, ಅಂಥದೇ ಬಾವಿಯ ನೀರು ಕುಡಿದವಳು. ಉಪ್ಪು ವರ್ಷಕ್ಕೆ ಇಷ್ಟಿಷ್ಟೇ ಏರುತ್ತ ಬಂದಿತ್ತು, ನಮ್ಮ ನಾಲಗೆಗಳು ಅದರ ಜೊತೆಗೇ ಹೊಂದಿಕೊಳ್ಳುತ್ತ ಬಂದಿದ್ದವು. ಊರ ಬದಲಾವಣೆ ಊರವರಿಗೇ ಮೊದಲು ಗೊತ್ತಾಗುತ್ತದೆ ಎಂದು ನಾನು ಎಷ್ಟು ತರಬೇತಿಗಳಲ್ಲಿ ಭಾಷಣ ಬಿಗಿದಿದ್ದೆನೋ!

ಗುಲಾಬಿ ಆ ಲೋಟವನ್ನೇ ನೋಡುತ್ತಿದ್ದಳು. “ವರ್ಷ ವರ್ಷ ವರದಿಯಲ್ಲಿ ನಮ್ ಬಾವಿ ನೀರ್ ಒಳ್ಳೇದ್ ಅಂತ ಬರ್ದದ್ದ್ ನಾನೇ,” ಎಂದಳು. “ಮಕ್ಕಳಿಗೆಲ್ಲ ಇದನ್ನೇ ಕುಡ್ಸಿದ್ವಲೆ ಟೀಚ್ರೇ.” ಅವಳ ಕಣ್ಣು ತುಂಬಿ ಬಂತು. ನನಗೂ ತಡೆಯಲಾಗಲಿಲ್ಲ. ನಾರಾಯಣ ಪಾಪ, ಗೆದ್ದವನೇ ತಪ್ಪು ಮಾಡಿದವನ ಹಾಗೆ ಮೂಲೆಯಲ್ಲಿ ನಿಂತಿದ್ದ.

ಅಳು ಎಷ್ಟು ಹೊತ್ತು? ಮೂಗು ಒರೆಸಿಕೊಂಡು ಅವಳು ಹೆಬ್ಬಾರರ ಮುಂದೆ ಕೈ ಚಾಚಿದಳು. “ಆ ಪೆನ್ನ್ ಎರಡ್ ದಿನಕ್ಕೆ ಕೊಡಿ. ನಾರಾಣಣ್ಣನ್ನೂ ಕೊಡಿ.”

ಹೆಬ್ಬಾರರು ತಮ್ಮ ಜನ್ಮದಲ್ಲಿ ಮೊದಲ ಸಲ ಒಂದು ಸಾಮಾನನ್ನು ಕಪಾಟಿನಿಂದ ಹೊರಗೆ ಕೊಟ್ಟರು. ಗುಲಾಬಿ ಮತ್ತು ನಾರಾಯಣ ಕುದ್ರುವಿನ ಒಂದೊಂದು ಬಾವಿಗೂ ಹೋದರು. ನಾರಾಯಣ ಕುಡಿದು ಹೇಳುವುದು, ಗುಲಾಬಿ ಅಳೆದು ಬರೆಯುವುದು. ಪಡುವಣ ದಂಡೆ ಒಡೆದಿದ್ದ ಕಡೆಯ ಬಾವಿಗಳೆಲ್ಲ ಕೆಟ್ಟಿದ್ದವು. ನಡುವಿನ ಎರಡು ಬಾವಿಗಳು ಇನ್ನೂ ಚೆನ್ನಾಗಿದ್ದವು. ಕುಡಿಯುವುದಕ್ಕೆ ಆ ಎರಡರದೇ ನೀರು ಎಂದು ಹೆಂಗಸರೆಲ್ಲ ಸೇರಿ ತೀರ್ಮಾನಿಸಿ, ದಂಡೆ ಕಟ್ಟಿಸಿಕೊಡಿ ಎಂದು ಪಂಚಾಯತಿಗೆ ಅರ್ಜಿ ಬರೆದರು. ಗುಲಾಬಿ ತಂದುಕೊಟ್ಟ, ಗೆರೆ ಎಳೆದು ಬಾವಿಗಳ ಅಂಕಿ ಬರೆದ ಹಾಳೆಯನ್ನು ನೋಡಿ ನಾನು ಹೆಬ್ಬಾರರಿಗೆ ಹೇಳಿದೆ, “ನಾನು ಇಷ್ಟು ವರ್ಷ ಕಲಿಸಲು ಹೆಣಗಿದ್ದು ಇದನ್ನೇ.”

“ಅದೆಲ್ಲ ಸರಿ ಮರ್ರೆ,” ಎಂದರು ಅವರು. “ಪರೀಕ್ಷೆಯಲ್ಲಿ ಫೇಲ್ ಅಲ್ದಾ? ಮೇಲಿನವರಿಗೆ ಎಂತ ಬರೀಲಿ?”

ನಾನೇ ಬರೆದುಕೊಟ್ಟೆ. ಪರೀಕ್ಷೆ ಬರೆದವರು ಫೇಲು, ಪರೀಕ್ಷೆ ಮಾಡಿದವರೂ ಫೇಲು, ಸರಿಯುತ್ತರ ತಪ್ಪಾಗಿತ್ತು, ಯಾರನ್ನಾದರೂ ತೆಗೆಯುವುದಿದ್ದರೆ ನನ್ನಿಂದ ಶುರುಮಾಡಿ. ಜೊತೆಗೆ ಗುಲಾಬಿಯ ಹಾಳೆ. ನನ್ನದೂ ವರ್ಷ ವರ್ಷ ನವೀಕರಿಸುವ ಕೆಲಸವೇ, ನಿವೃತ್ತಿಗೆ ಒಂದು ವರ್ಷ ಬಾಕಿಯಿತ್ತು. ಹೆಬ್ಬಾರರು ಎರಡು ಸಲ ಓದಿ, “ಇದನ್ನ್ ಹೀಂಗೇ ಕಳ್ಸ್‌ಕಾ?” ಎಂದರು. ಕಳ್ಸಿ ಎಂದೆ. ಧೈರ್ಯದಿಂದ ಹೇಳಿದೆನಾದರೂ ಮನೆಗೆ ಹೋಗಿ ಅಕ್ಕನಿಗೆ ಒಂದು ಮಾತೂ ಹೇಳಲಿಲ್ಲ.

ತಿಂಗಳ ಕೊನೆಯ ದಿನದವರೆಗೂ ಉತ್ತರವಿಲ್ಲ. ಅವತ್ತು ಮಧ್ಯಾಹ್ನ, ಮುಂದಿನ ವರ್ಷ ಯಾರಿಗೆ ಕೆಲಸ ಉಂಟು, ಯಾರಿಗಿಲ್ಲ ಎನ್ನುವ ಲಕೋಟೆಗಳು ಬಂದವು. ಹೆಬ್ಬಾರರು ಮೇಲಿನವರೊಂದಿಗೆ ಫೋನಿನಲ್ಲಿ ಮಾತಾಡುತ್ತಲೇ ನನ್ನದನ್ನೂ ಗುಲಾಬಿಯದನ್ನೂ ನನ್ನ ಕೈಗಿಟ್ಟರು. ಜಗಲಿಯಲ್ಲಿ ಕಾಯುತ್ತಿದ್ದ ಗುಲಾಬಿಗೆ ಅವಳದನ್ನು ಕೊಟ್ಟೆ. ಅವಳು ಒಡೆಯಲಿಲ್ಲ.

“ಮೊದ್ಲ್ ನಿಮ್ದ್ ಒಡ್ದ್ ಕಾಣಿ,” ಎಂದಳು.

“ಮೊದ್ಲ್ ನಿಂದ್ ಕಾಣ್. ನಂಗೆಂತ, ಇವತ್ತಲ್ಲ ನಾಳೆ ಮನೇಲ್ ಕೂಕಂಬವ್ಳ್.”

“ನನ್ನಿಂದ ನಿಮ್ ಕೆಲ್ಸ ಹೋಯ್ರೆ ನಂಗೆ ಇದ್ ಬೇಡ. ವಾಪಾಸ್ ಕೊಡ್ತೆ.”

ಇಬ್ಬರೂ ಒಂದೊಂದು ಲಕೋಟೆ ಹಿಡಿದುಕೊಂಡು ಹಟ ಮಾಡುತ್ತ ನಿಂತದ್ದನ್ನು ಕಂಡು ಹೆಬ್ಬಾರರು ಫೋನನ್ನು ಕಿವಿಯಿಂದ ತೆಗೆದು ಒಳಗಿಂದಲೇ ಕೂಗಿದರು: “ಹ್ವಾಯ್, ಇಬ್ರ್ ಕೆಲ್ಸವೂ ಉಳಿತ್ ಮಾರಾಯ್ರೆ! ಆ ಲಿಖಿತ ಪರೀಕ್ಷೆಯನ್ನೇ ತೆಗ್ದ್ರಂಬ್ರ್!”

ನಾನು ಗೋಡೆಗೆ ಒರಗಿ ನಕ್ಕೆ. ಗುಲಾಬಿ ನಗಲಿಲ್ಲ. ಹೆಬ್ಬಾರರ ಮಾತನ್ನೂ ಅವಳು ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ. ನನ್ನ ಕೈಯಿಂದ ನನ್ನ ಲಕೋಟೆಯನ್ನು ತೆಗೆದುಕೊಂಡು ಒಡೆದಳು. ಕಾಗದವನ್ನು ಮಡಿಲಲ್ಲಿ ಹರವಿ, ಬೆರಳಿಟ್ಟು, ಒಂದೊಂದೇ ಸಾಲು ದನಿಯೆತ್ತಿ ಓದಿದಳು. ನನ್ನ ಹೆಸರು, ನನ್ನ ಹುದ್ದೆ, ಇನ್ನೊಂದು ವರ್ಷ ಎನ್ನುವ ಸಾಲು, ಕೆಳಗಿನ ಸಹಿ, ಎಲ್ಲ ಸರಿಯಿದೆಯೆಂದು ಖಾತ್ರಿಯಾದ ಮೇಲೆಯೇ ಅವಳು ತನ್ನದನ್ನು ಒಡೆದದ್ದು.